ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಮಾರುಕಟ್ಟೆಯನ್ನು ಪ್ರಯೋಗಶಾಲೆಗೆ ತಂದವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬಿಸಾಕುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. 'ಮಾನವನು ಮೂಲತಃ ಆರ್ಥಿಕ ಜೀವಿ' ಅಂತ ಓದಿದ ಕೂಡಲೇ ನಾನು ಕಾಫಿಗೆ ಎದ್ದೆ. ಜೀವ ಇರುವುದು ನಾಲ್ಕನೇ ಪುಟದಲ್ಲಿ: ಹಾರ್ವರ್ಡ್‌ನ ತರಗತಿ, ವಿದ್ಯಾರ್ಥಿಗಳನ್ನು ಮಾರುವವರು, ಕೊಳ್ಳುವವರು ಅಂತ ಮಾಡಿ ಅರ್ಥಶಾಸ್ತ್ರದ ಮೇಷ್ಟ್ರು ಎಡ್ವರ್ಡ್ ಚೇಂಬರ್ಲಿನ್ ಹಂಚಿದ ಚೀಟಿಗಳು.

ಆ ಚೀಟಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಓದುಗರ ಕೈಗೆ ಕೊಡಿ. ಮಾರುವವನ ಚೀಟಿಯಲ್ಲಿ ಒಂದೂವರೆ ಡಾಲರ್ ಅಂತಿದೆ ಅನ್ನಿ. ಅದಕ್ಕಿಂತ ಕಡಿಮೆಗೆ ಮಾರುವ ಹಾಗಿಲ್ಲ. ಎರಡಕ್ಕೆ ಮಾರಿದರೆ ಅರ್ಧ ಡಾಲರ್ ಲಾಭ. ಕೊಳ್ಳುವವನ ಚೀಟಿಯಲ್ಲಿ ಎರಡೂಮುಕ್ಕಾಲು, ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಬೆಲೆ ಎಲ್ಲಿ ನಿಲ್ಲಬೇಕು ಅನ್ನುವುದು ಚೀಟಿ ಬರೆದ ಮೇಷ್ಟ್ರಿಗೆ ಮಾತ್ರ ಮೊದಲೇ ಗೊತ್ತು. ನಿಜವಾದ ಸಂತೆಯಲ್ಲಿ ಅದನ್ನು ಯಾರು ಹೇಳಬಲ್ಲರು? ಪ್ರಯೋಗಶಾಲೆ ಬೇಕಾದದ್ದೇ ಅದಕ್ಕೆ ಅಲ್ವಾ?

ಚೇಂಬರ್ಲಿನ್ ಸೋತರು, ಶಿಷ್ಯ ವರ್ನನ್ ಸ್ಮಿತ್ ಗೆದ್ದರು ಎಂದಿದ್ದೀರಿ. ಸುಮ್ನೆ ಸಿನಿಮಾ ಕಥೆ ಮಾಡಬೇಡಿ. ಇಬ್ಬರೂ ಆಡಿಸಿದ ಆಟವೇ ಬೇರೆ. ಚೇಂಬರ್ಲಿನ್ ತರಗತಿಯಲ್ಲಿ ವಿದ್ಯಾರ್ಥಿಗಳು ಓಡಾಡುತ್ತಾ ಇಬ್ಬಿಬ್ಬರೇ ಚೌಕಾಸಿ ಮಾಡಿದರು. ಬೇಡಿಕೆ-ಪೂರೈಕೆಯ ಸಿದ್ಧಾಂತ ಹೇಳಿದಲ್ಲಿಗೆ ಬೆಲೆ ಬರಲಿಲ್ಲ, 1948ರಲ್ಲಿ ಅವರು ಅದನ್ನೇ ಪ್ರಕಟಿಸಿದರು. ಸ್ಮಿತ್ 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಕೇಳುವಂತೆ ಬೆಲೆ ಕೂಗಿಸಿದರು. ಅವೇ ಚೀಟಿಗಳಲ್ಲಿ ಸುತ್ತಿನ ಮೇಲೆ ಸುತ್ತು ಆಡಿಸಿದರು. ಬೆಲೆ ಆ ಸಿದ್ಧಾಂತ ಹೇಳಿದ ಜಾಗದ ಹತ್ತಿರ ಹೋಗಿ ಕೂತಿತು. ನಿಮ್ಮ ಲೇಖನ ಇರುವುದು ಈ ವ್ಯತ್ಯಾಸದಲ್ಲಿ, ಗುರು-ಶಿಷ್ಯರ ಜಗಳದಲ್ಲಲ್ಲ.

'ನಮ್ಮ ಎಪಿಎಂಸಿ ಹರಾಜಿನಂತೆಯೇ' ಅನ್ನುವ ಹೋಲಿಕೆ ತಪ್ಪು. ಅಲ್ಲಿ ಕೂಗುವವರು ಖರೀದಿದಾರರು. ರೈತ ಮೂಟೆ ಪಕ್ಕ ಸುಮ್ಮನೆ ನಿಂತಿರುತ್ತಾನೆ. ಸ್ಮಿತ್ ಆಟದಲ್ಲಿ ಮಾರುವವರೂ ಕೂಗುತ್ತಾರೆ, ಬೆಲೆ ಇಳಿಸುತ್ತಾ.

2002ರ ಅರ್ಥಶಾಸ್ತ್ರದ ನೊಬೆಲ್ ಸ್ಮಿತ್ ಒಬ್ಬರದೇ ಅಲ್ಲ, ಮನಃಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಜೊತೆ ಹಂಚಿಕೊಂಡದ್ದು. ತಿದ್ದಿ.

ಇನ್ನೊಂದು. ಸ್ಮಿತ್ ಇಬ್ಬರು ಜೊತೆಗಾರರೊಂದಿಗೆ 1988ರಲ್ಲಿ ಪ್ರಕಟಿಸಿದ ಷೇರು ಪ್ರಯೋಗವನ್ನು ಯಾಕೆ ಬಿಟ್ಟಿರಿ? ಷೇರಿನಿಂದ ಸರಾಸರಿ ಎಷ್ಟು ಲಾಭಾಂಶ ಬರುತ್ತದೆ ಅಂತ ಆಡುವವರಿಗೆ ಗೊತ್ತಿತ್ತು. ಆದರೂ ಬೆಲೆ ಆ ಲೆಕ್ಕ ಮೀರಿ ಮತ್ತೆ ಮತ್ತೆ ಉಬ್ಬಿತು, ಆಮೇಲೆ ಕುಸಿಯಿತು. ಮಾರುಕಟ್ಟೆ ತಾನೇ ಸರಿಹೋಗುತ್ತದೆ ಎಂಬ ನಿಮ್ಮ ಕೊನೆಯ ಪ್ಯಾರಾಕ್ಕೆ ಇದು ಅಡ್ಡ ಬರುತ್ತದೆ, ಗೊತ್ತು. ಪ್ಯಾರಾ ಹೋದರೆ ಹೋಗಲಿ.

ಮತ್ತೆ ಬರೆಯುವ ಮೊದಲು ಹತ್ತು ಚೀಟಿ ಮಾಡಿ ಮನೆಯವರ ಜೊತೆ ಒಂದು ಸಂಜೆ ಆಡಿ. ಏನಾಯಿತು ಅಂತ ನನಗೂ ತಿಳಿಸಿ.