ಶಾಂಪೂ ಗುಲಾಬಿ, ಚರಂಡಿಯೂ ಗುಲಾಬಿ

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗ ಭಾನುವಾರ ಮನೆ ಮುಂದೆ ಕಾರು ತೊಳೆಯುತ್ತಾನೆ. ಶಾಂಪೂ ಕಡು ಗುಲಾಬಿ. ಚರಂಡಿಗೆ ಹರಿಯುವ ನೀರೂ ಗುಲಾಬಿ. ಗೋಬಿಗೆ ಹಾಕಬಾರದು ಅಂತ ಸರ್ಕಾರ ಹೇಳಿದ ಬಣ್ಣವೇ ಇದು ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಸಾಲದ್ದಕ್ಕೆ ಚಕ್ರಕ್ಕೆ ಹೊಡೆದ ಕ್ಲೀನರ್ ನೋಡನೋಡುತ್ತಲೇ ನೇರಳೆಗೆ ತಿರುಗಿತು. ಬಣ್ಣ ಇಲ್ಲದ್ದು ತಂದರೆ ಸಾಕೇ?"

ನಮಸ್ಕಾರ. ಮೊದಲು ನೇರಳೆಯ ವಿಷಯ ಮುಗಿಸಿಬಿಡೋಣ. ಅದು ಬಾಟಲಿಗೆ ಬೆರೆಸಿದ ಬಣ್ಣವಲ್ಲ. ಬ್ರೇಕ್ ಹಾಕಿದಾಗ ಡಿಸ್ಕ್ ಸವೆದು ಉದುರುವ ಕಬ್ಬಿಣದ ಪುಡಿ ಚಕ್ರಕ್ಕೆ ಅಂಟಿಕೊಂಡಿರುತ್ತದೆ. ಕ್ಲೀನರ್‌ನಲ್ಲಿರುವ ಥಯೋಗ್ಲೈಕೊಲೇಟ್ ಆ ಕಬ್ಬಿಣವನ್ನು ಹಿಡಿದುಕೊಂಡಾಗ ನೇರಳೆ ಬರುತ್ತದೆ. ಕೊಳೆತ ಮೊಟ್ಟೆಯಂಥ ನಾತ ಬಂದಿರಬೇಕು, ಅಲ್ವಾ? ಕೂದಲು ತೆಗೆಯುವ ಕ್ರೀಮಿನಲ್ಲಿರುವುದೂ ಇದೇ ಜಾತಿಯ ರಾಸಾಯನಿಕ. ಬರಿಗೈಲಿ ಮುಟ್ಟಬಾರದು, ಗ್ಲೌಸ್ ಹಾಕಿಕೊಳ್ಳಲಿ.

ಇನ್ನು ಗುಲಾಬಿ. 2024ರ ಮಾರ್ಚ್‌ನಲ್ಲಿ ಗೋಬಿ, ಬಾಂಬೆ ಮಿಠಾಯಿ ಗಲಾಟೆಯಾದಾಗ ಕರ್ನಾಟಕ ಸರ್ಕಾರ ಹೆಸರು ಹಿಡಿದು ನಿಷೇಧಿಸಿದ್ದು ರೋಡಮೈನ್-ಬಿ. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನುವುದಕ್ಕೆ ಖಂಡಿತ ಅಲ್ಲ. ನಿಮ್ಮ ಶಾಂಪೂವಿನಲ್ಲಿ ಇರುವುದು ಅದೇನಾ? ಡಬ್ಬ ನೋಡಿ ಹೇಳುವುದು ಕಷ್ಟ. ತಲೆಗೆ ಹಾಕುವ ಶಾಂಪೂ ಬಾಟಲಿ ತಿರುಗಿಸಿದರೆ 'ಸಿಐ 42090' ಎಂಬಂಥ ಬಣ್ಣದ ಗುರುತಿನ ಸಂಖ್ಯೆ ಕಾಣುತ್ತದೆ. ಅದು ಬ್ರಿಲಿಯಂಟ್ ಬ್ಲೂ, ತಿಂಡಿಗೂ ಬಳಸುವ ನೀಲಿ. ಕಾರಿನ ಶಾಂಪೂ ಮೇಲೆ ಅಂಥ ಸಾಲು ಅಪರೂಪ. ಬಿಡಿಯಾಗಿ ಕ್ಯಾನಿನಲ್ಲಿ ಸಿಗುವ ಮಾಲಿಗಂತೂ ಚೀಟಿಯೇ ಇರುವುದಿಲ್ಲ. ಕಂಪನಿಯವರನ್ನು ಸೇಫ್ಟಿ ಡೇಟಾ ಶೀಟ್, ಅಂದರೆ ಒಳಗಿನ ರಾಸಾಯನಿಕಗಳ ಸುರಕ್ಷತಾ ವಿವರದ ಹಾಳೆ, ಕೇಳಬಹುದು, ಆದರೆ ಚಿಟಿಕೆಯಷ್ಟಿರುವ ಬಣ್ಣದ ಹೆಸರು ಅದರಲ್ಲೂ ಎಷ್ಟೋ ಸಲ ಇರುವುದಿಲ್ಲ. ಹಾಗಂತ ಗಾಬರಿ ಬೇಡ. ಗೋಬಿ ಹೊಟ್ಟೆಗೆ ಹೋಗುತ್ತದೆ. ಇದು ಬಕೆಟ್ ನೀರಿನಲ್ಲಿ ಕದಡಿ, ಕೈಗೆ ಸ್ವಲ್ಪ ಹೊತ್ತು ತಾಗುತ್ತದೆ ಅಷ್ಟೇ.

ಚರಂಡಿ ನೀರು ಹೋಗಿ ಸೇರುವ ಕೆರೆಯ ಲೆಕ್ಕ ಬೇರೆ. ಬಿಸಿಲಿಗೆ, ನೀರಿಗೆ ಮಾಸಬಾರದು ಅಂತಲೇ ಬಣ್ಣ ತಯಾರಿಸುತ್ತಾರೆ. ಹಾಗಾಗಿ ಎಷ್ಟೋ ಬಣ್ಣಗಳು ಬೇಗ ಕೊಳೆಯುವುದಿಲ್ಲ. ಅಜೋ ಜಾತಿಯ ಕೆಲವು ಬಣ್ಣಗಳು ಗಾಳಿಯಾಡದ ಕೆಸರಿನಲ್ಲಿ ಒಡೆದು ಅಮೈನ್ ಎಂಬ ಇನ್ನೂ ಕೆಟ್ಟ ರಾಸಾಯನಿಕಗಳಾಗುತ್ತವೆ. ಅಂಥ ಅಮೈನ್ ಬಿಡುವ ಹಲವು ಅಜೋ ಬಣ್ಣಗಳನ್ನು 1990ರ ದಶಕದಲ್ಲೇ ಭಾರತದಲ್ಲಿ ನಿಷೇಧಿಸಿದ್ದಾರೆ.

ಆದರೂ ನನ್ನ ತಕರಾರು ಬಣ್ಣಕ್ಕಿಂತ ಜಾಸ್ತಿ ನೊರೆಯ ಮೇಲೆ. ಶಾಂಪೂವಿನಲ್ಲಿ ಬಣ್ಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇರುವುದು ಸೋಪಿನಂಶ, ಮೀನಿನ ಕಿವಿರು ಹಾಳುಮಾಡುವುದೂ ಅದೇ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು 2015ರಲ್ಲಿ ದೇಶವೇ ನೋಡಿತು. ಸಂಸ್ಕರಿಸದ ಕೊಳಚೆ ನೀರು, ಅದರೊಳಗಿನ ಡಿಟರ್ಜೆಂಟು ಸೇರಿ ಮಾಡಿದ ಕೆಲಸ ಅದು. ಆ ನೊರೆ ಬೆಳ್ಳಗೇ ಇತ್ತು.

ಬಣ್ಣ ಇಲ್ಲದ್ದೆಲ್ಲ ಸಾಧು ಎಂದೂ ತಿಳಿಯಬೇಡಿ. ಅಲಾಯ್ ಚಕ್ರ ಫಳಫಳ ಮಾಡುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ನೋಡಲು ನೀರಿನ ಹಾಗೇ ಇರಬಹುದು. ಚರ್ಮಕ್ಕೆ ಬಿದ್ದಾಗ ಉರಿಯೇ ಗೊತ್ತಾಗದೆ, ಗಂಟೆಗಳ ನಂತರ ನೋವು ಶುರುವಾಗಬಹುದು. ಅಷ್ಟರಲ್ಲಿ ಅದು ಒಳಗಿಳಿದು ಮೈಯ ಕ್ಯಾಲ್ಸಿಯಂ ಹೀರಿರುತ್ತದೆ. ಲೇಬಲ್‌ನಲ್ಲಿ ಈ ಹೆಸರು ಕಂಡರೆ ಮನೆಗೆ ತರಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಬಣ್ಣದ ಬಗ್ಗೆ ನಾನೂ ಕಟ್ಟುನಿಟ್ಟು. ಗುಲಾಬಿ, ನೀಲಿ ದ್ರವವನ್ನು ಹಳೇ ಜ್ಯೂಸ್ ಬಾಟಲಿಗೆ ಸುರಿದು ಕಿಟಕಿಯಲ್ಲಿ ಇಡುವ ಅಭ್ಯಾಸ ನಮ್ಮಲ್ಲಿ ವಿಪರೀತ. ಗಾಜು ಒರೆಸುವ ಕೆಲವು ನೀಲಿ ದ್ರಾವಣಗಳಲ್ಲಿ ಮೆಥನಾಲ್ ಇರುತ್ತದೆ. ಮಗು ಒಂದೆರಡು ಗುಟುಕು ಕುಡಿದರೂ ಕಣ್ಣಿಗೆ, ಜೀವಕ್ಕೆ ಅಪಾಯ. ಬಣ್ಣ ಕೊಳೆಯನ್ನೇನೂ ತೆಗೆಯುವುದಿಲ್ಲ, ಅಂಗಡಿಯಲ್ಲಿ ಕಣ್ಣು ಸೆಳೆಯಲಿ ಅಂತ ಸುಮ್ನೆ ಹಾಕಿರುತ್ತಾರೆ.

ತಂದ ಕ್ಯಾನ್ ಚೆಲ್ಲಬೇಡಿ, ಚೆಲ್ಲಿದರೆ ಅಷ್ಟೂ ಒಮ್ಮೆಗೇ ಚರಂಡಿಗೆ. ಪೈಪ್ ಬಿಟ್ಟು ಬಕೆಟ್ ಹಿಡಿಯಲಿ, ಶಾಂಪೂ ಅರ್ಧಕ್ಕೆ ಇಳಿಸಲಿ. ಉಳಿದ ನೀರನ್ನು ರಸ್ತೆಗೆ ಚೆಲ್ಲದೆ ಬಚ್ಚಲಿಗೆ ಸುರಿಯಲಿ. ಬಚ್ಚಲ ನೀರು ಯುಜಿಡಿಗೆ (ಒಳಚರಂಡಿಗೆ) ಸೇರುವ ಮನೆಯಾದರೆ ಅದು ಸಂಸ್ಕರಣಾ ಘಟಕಕ್ಕಾದರೂ ಹೋಗುತ್ತದೆ. ಮುಂದಿನ ಸಲ ಬಣ್ಣವಿಲ್ಲದ, ಹೆಸರು-ವಿಳಾಸ ಇರುವ ಡಬ್ಬ ತನ್ನಿ.

– ಸಂ.