ಜನವರಿಗೇ ನಿಲ್ಲುವ ಹಳ್ಳ: ಮೊದಲು ಕೋಲು ನೆಡಿ

ಮಳೆ ಕಮ್ಮಿಯಾಗದಿದ್ದರೂ ಏಪ್ರಿಲ್‌ವರೆಗೆ ಹರಿಯುತ್ತಿದ್ದ ಹಳ್ಳ ಜನವರಿಗೇ ನಿಲ್ಲುತ್ತಿದೆ ಅಂದರೆ, ಬಹುಶಃ ಮೇಲಿನ ಅಡಿಕೆ ತೋಟಗಳ ಪಂಪುಗಳೇ ಕಾರಣ.

ಜಗಳಕ್ಕೆ ಹೋಗುವ ಮೊದಲು ಗುರುತು ಹಾಕಿದ ಬಿದಿರು ಕೋಲನ್ನು ಹಳ್ಳದ ಗುಂಡಿಯಲ್ಲಿ ನೆಡಿ. ಒಂದು ವಾರ, ಪಂಪು ಓಡಿಸುವ ತ್ರೀ ಫೇಸ್ ಕರೆಂಟ್ ಬರುವ ಮುಂಚೆ, ಹೋದ ಮೇಲೆ ಮಟ್ಟ ಬರೆದಿಡಿ. ಕರೆಂಟ್ ಬಂದ ಸ್ವಲ್ಪ ಹೊತ್ತಿಗೇ ನೀರು ಇಳಿದು ಕಲ್ಲುಗಳ ಮೇಲೆ ಹಸಿ ಪಟ್ಟೆ ಕಾಣಿಸಿ, ಹೋದಮೇಲೆ ನೀರು ಮತ್ತೆ ಏರಿದರೆ ಪಂಪೇ. ಮಧ್ಯಾಹ್ನ ನಿಧಾನಕ್ಕೆ ಒಂಚೂರು ಇಳಿದರೆ ದಡದ ಮರಗಳು ಕುಡಿದದ್ದು, ಬಿಡಿ. ಹಗಲು ರಾತ್ರಿ ಒಂದೇ ಸಮ ಇಳಿಯುತ್ತಿದ್ದರೆ ಬೋರ್‌ವೆಲ್ ಇರಬಹುದು. ಅದನ್ನು ಕೋಲು ನೋಡಿ ಖಚಿತವಾಗಿ ಹೇಳಲಾಗದು.

ಆ ಲೆಕ್ಕ ಹಿಡಿದು ಮೇಲಿನವರ ಜೊತೆ ಕೂತು ಮಾತಾಡಿ. ಪಾಳಿ ಮೇಲೆ ಪಂಪು ಹಾಕಲಿ. ಫುಟ್‌ವಾಲ್ವನ್ನು (ನೀರು ಎಳೆಯುವ ಪೈಪಿನ ತುದಿಯ ವಾಲ್ವ್) ಗುಂಡಿಯ ತಳಕ್ಕೆ ಬಿಡದೆ ಮೇಲೆ ಕಟ್ಟಲಿ, ಅದು ಕಾಣುವಷ್ಟು ನೀರು ಇಳಿಯುವ ಮುಂಚೆಯೇ ಮೋಟರ್ ಆಫ್ ಮಾಡಲಿ. ಇಷ್ಟಕ್ಕೆ ಖರ್ಚೇ ಇಲ್ಲ ಅಲ್ವಾ! ಸುಮ್ನೆ ಸ್ಪ್ರಿಂಕ್ಲರ್ ಹಾರಿಸುವುದಕ್ಕಿಂತ ಹನಿ ನೀರಾವರಿ ವಾಸಿ: ಮರಕ್ಕೆ ದಿನಕ್ಕೆ 16–20 ಲೀಟರ್ ಸಾಕು. ತೋಟಗಾರಿಕೆ ಇಲಾಖೆಯ ಸಹಾಯಧನಕ್ಕೆ ಅರ್ಜಿ ಬೇಗ ಹಾಕಿಸಿ. ಯಾರೂ ಒಪ್ಪದಿದ್ದರೆ ಅದೇ ಲೆಕ್ಕದ ಪ್ರತಿ ಲಗತ್ತಿಸಿ ಗ್ರಾಮ ಪಂಚಾಯ್ತಿಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ.