ಡ್ರೈವರ್‌ನನ್ನು ಬಿಡಿ, ಟೈಮ್ ಕೇಳಿ

ತುಮಕೂರು ಜಿಲ್ಲೆಯ ಗಡಿ ಭಾಗದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ತಂದೆಗೆ ಲಕ್ವ ಹೊಡೆದ ರಾತ್ರಿ ಆಂಬುಲೆನ್ಸ್ ಬರಲು ಒಂದೂವರೆ ಗಂಟೆ ಆಯಿತು. ಹತ್ತಿರದ ಆಸ್ಪತ್ರೆಯಲ್ಲಿ ‘ತುಮಕೂರಿಗೆ ಕರ್ಕೊಂಡು ಹೋಗಿ’ ಎಂದು ಚೀಟಿ ಕೊಟ್ಟರು. ಈಗ ತಂದೆ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲು ಸೊಸೆ ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದಾರೆ. ‘ಆ ಡ್ರೈವರ್‌ನ ಸಸ್ಪೆಂಡ್ ಮಾಡಿಸೋಕೆ ಯಾರಿಗೆ ಬರೀಬೇಕು?’ ಎಂಬುದು ಪ್ರಶ್ನೆ.

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ಡ್ರೈವರ್ ಸಸ್ಪೆಂಡ್ ಆದರೆ ನೆಮ್ಮದಿಯಾಗುವುದು ನಿಮಗಲ್ಲ, ಮೇಲೆ ಕೂತವರಿಗೆ. ‘ಕ್ರಮ ತಗೊಂಡಿದ್ದೇವೆ’ ಎಂದು ಫೈಲ್ ಮುಚ್ಚಬಹುದಲ್ವಾ? ಆ ಗಾಡಿ ಅವತ್ತು ಇನ್ನೊಬ್ಬ ರೋಗಿಯನ್ನು ಹಾಕಿಕೊಂಡು ತುಮಕೂರಿನ ದಾರಿಯಲ್ಲಿದ್ದಿರಬಹುದು. ಗಡಿಯ ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರಲು ಸುಮಾರು 100 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ಅರ್ಧ ರಾತ್ರಿ ಕಳೆಯುತ್ತದೆ. ಅಷ್ಟು ಹೊತ್ತು ಆ ಕಡೆಯ ಹಳ್ಳಿಗಳಿಗೆ ಯಾವ ಗಾಡಿ? ಇದನ್ನು ತೀರ್ಮಾನಿಸಬೇಕಾದ್ದು ಡ್ರೈವರ್ ಅಲ್ಲ, ಸರ್ಕಾರ.

ಲಕ್ವದಲ್ಲಿ ಹೊತ್ತು ಬಹಳ ಮುಖ್ಯ. ಮೆದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಕಾದ ಒಂದೂವರೆ ಗಂಟೆ, ಚೀಟಿಗೆ ಹೋದ ಹೊತ್ತು, ಆಮೇಲೆ ರಸ್ತೆ. ನೀವೇ ಕೂಡಿಸಿ ನೋಡಿ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಯೋಜನೆ 2012ರಲ್ಲಿ ಬಂತು. ಅದರಡಿ ಪ್ರಮಾಣ ಪತ್ರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಏನೂ ಅಲ್ಲ. ಆದರೆ ಅಲ್ಲಿ ಗಡುವಿದೆ, ಉತ್ತರ ಹೇಳಬೇಕಾದ ಅಧಿಕಾರಿ ಇದ್ದಾರೆ. ಜೀವದ ವಿಷಯದಲ್ಲೂ ಅಷ್ಟಾದರೂ ಬೇಡವೇ? ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಹೇಳಿತು. ರೈಲಿಂದ ಬಿದ್ದವರನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದ್ದರು. ದುಡ್ಡಿಲ್ಲ ಎಂದು ಸರ್ಕಾರ ಜಾರಿಕೊಳ್ಳುವಂತಿಲ್ಲ ಎಂದ ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸಿತು.

ಇನ್ನು ಮನೆಯ ಕಷ್ಟ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ನೋಡಿಕೊಳ್ಳದ ಮಗನನ್ನು ಉಪವಿಭಾಗಾಧಿಕಾರಿ ಮುಂದೆ ನಿಲ್ಲಿಸಲು ಅದರಲ್ಲಿ ದಾರಿ ಇದೆ. ನೀವು ನೋಡಿಕೊಳ್ಳುತ್ತಿದ್ದೀರಿ. ಅಂಥವರ ಮನೆಗೆ ಮೈ ಒರೆಸಲು, ಮಗ್ಗುಲು ಬದಲಿಸಲು ಒಬ್ಬರನ್ನು ಕಳಿಸಬೇಕು ಎಂದು ಆ ಕಾಯ್ದೆ ಹೇಳುವುದಿಲ್ಲ. ಸೊಸೆ ಕಳೆದುಕೊಂಡ ಸಂಬಳವೂ ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ. ನನ್ನ ಪ್ರಕಾರ ಆಂಬುಲೆನ್ಸ್ ತಡಕ್ಕಿಂತ ಇದೇ ದೊಡ್ಡ ಲೋಪ. ಇದಕ್ಕೆ ಸಸ್ಪೆಂಡ್ ಮಾಡಲು ಯಾರೂ ಸಿಗುವುದಿಲ್ಲ ನೋಡಿ.

ಈಗ ನೀವು ಮಾಡಬೇಕಾದ್ದು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ. ಹಾಗಾಗಿ ನಾಲ್ಕು ಪುಟದ ಕಥೆ ಅಲ್ಲಿ ನಡೆಯಲ್ಲ. ‘ಯಾಕೆ ತಡವಾಯಿತು’ ಎಂದೂ ಕೇಳಬೇಡಿ, ಸುಮ್ನೆ ಹಾರಿಕೆ ಉತ್ತರ ಬರುತ್ತದೆ. ದಾಖಲೆ ಕೇಳಿ. ನಿಮ್ಮ ಕಾಲ್ ಬಂದದ್ದು ಎಷ್ಟು ಗಂಟೆಗೆ? ಗಾಡಿ ಎಲ್ಲಿಂದ, ಯಾವಾಗ ಹೊರಟಿತು? ಮನೆ ಮುಟ್ಟಿದ್ದು ಯಾವಾಗ, ಆಸ್ಪತ್ರೆ ಮುಟ್ಟಿದ್ದು ಯಾವಾಗ? ಆ ರಾತ್ರಿ ತಾಲ್ಲೂಕಿನಲ್ಲಿ ಓಡುತ್ತಿದ್ದ ಗಾಡಿಗಳೆಷ್ಟು? ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ 30 ದಿನದ ಗಡುವಿದೆ. ಬಂದರೂ ಬರದಿದ್ದರೂ ಅರ್ಜಿಯ ಜೆರಾಕ್ಸ್ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.